ನೊರೆಗೈಯಲ್ಲಿ ಹಿಡಿದವಳು

ನಮ್ಮ ಊರಿನಲ್ಲಿ ಸೋಪು ಹಚ್ಚಿದ ಕೈಯನ್ನು ಸರಿಯಾಗಿ ತೊಳೆಯದೆ ಯಾರನ್ನಾದರೂ ಮುಟ್ಟಿದರೆ, ಮುಟ್ಟಿಸಿಕೊಂಡವರು ಮುಟ್ಟಿದವರನ್ನು ಮರೆಯುತ್ತಾರೆ. ಹೆಸರು, ಮುಖ, ನಂಟು, ಜಗಳ ಎಲ್ಲವೂ ಹೋಗುತ್ತದೆ. ಮಿಕ್ಕ ಲೋಕವೆಲ್ಲ ಇದ್ದ ಹಾಗೇ ನೆನಪಿರುತ್ತದೆ, ಆ ಕೈಯವರೊಬ್ಬರನ್ನು ಬಿಟ್ಟು. ಹೋದ ನೆನಪು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಹೊರಗಿನವರು ಇದನ್ನು ಕೇಳಿ, ಹಾಗಾದರೆ ಸೋಪನ್ನೇ ಬಿಟ್ಟುಬಿಡಿ ಎನ್ನುತ್ತಾರೆ. ನನ್ನ ಅಜ್ಜಿಯ ಕಾಲದಲ್ಲಿ ಬಿಟ್ಟಿದ್ದರಂತೆ. ಒಂದೇ ಬೇಸಿಗೆಯಲ್ಲಿ ವಾಂತಿಭೇದಿಗೆ ನಮ್ಮ ಬೀದಿಯೊಂದರಲ್ಲೇ ಹದಿನಾಲ್ಕು ಜನ ಹೋದರು. ಸೋಪು ಬಿಟ್ಟರೆ ಹೊಟ್ಟೆ ಕೆಡುತ್ತೆ, ಸೋಪು ಉಳಿದರೆ ನಂಟು ಕೆಡುತ್ತೆ ಅನ್ನೋ ಮಾತು ಹುಟ್ಟಿದ್ದು ಆಗ.

ಹಾಗಾಗಿ ನಾವು ಹೊಂದಿಕೊಂಡು ಬದುಕುತ್ತೇವೆ. ಸಂತೆಬೀದಿಯಲ್ಲಿ ಕ್ಷೌರದ ಅಂಗಡಿ ಇಟ್ಟಿರುವ ಈರಣ್ಣ, ಗಿರಾಕಿಯ ಗಲ್ಲ ಒರೆಸಿ ಕನ್ನಡಿ ಹಿಡಿಯುವ ಮೊದಲು ಕೈಮುಗಿದು, "ನಮಸ್ಕಾರ, ನಾನು ಈರಣ್ಣ. ಹನ್ನೆರಡು ವರ್ಷದಿಂದ ನಿಮ್ ಗಡ್ಡ ಕೆರೀತಿರೋನು ನಾನೇ" ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಅವನ ಪಾಲಿಗೆ ಹಳೇ ಗಿರಾಕಿ ಅನ್ನುವವರೇ ಇಲ್ಲ. ಮದುವೆಗಳಲ್ಲಿ ಧಾರೆಗೆ ಮುಂಚೆ ಗಂಡು ಹೆಣ್ಣು ಇಬ್ಬರ ಕೈಯನ್ನೂ ಎರಡೂ ಕಡೆಯ ಹಿರಿಯರು ನಿಂತು ತೊಳೆಸುತ್ತಾರೆ. ನಮ್ಮ ಬೋರ್‌ವೆಲ್ ನೀರು ಬೇರೆ ಗಡಸು. ಅದರಲ್ಲಿ ಸೋಪು ಬೇಗ ನೊರೆ ಕಟ್ಟುವುದಿಲ್ಲ, ಕಟ್ಟಿದರೆ ಬೇಗ ಬಿಡುವುದಿಲ್ಲ.

ನನ್ನ ಹೆಸರು ಕಾತ್ಯಾಯಿನಿ. ಊರಿನ ಹೆರಿಗೆ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಒಂದು ನಲ್ಲಿ ಇದೆ, ನಲ್ಲಿಯ ಪಕ್ಕ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಜನರ ಕೈ ತೊಳೆಸುವುದು ನನ್ನ ಕೆಲಸ. ಕೂಸು ನೋಡಲು ಬಂದವರು ತಾತನಾಗಲಿ, ಡಾಕ್ಟರಾಗಲಿ, ನನ್ನನ್ನು ದಾಟಿಯೇ ಒಳಗೆ ಹೋಗಬೇಕು. ಉಂಗುರ ಬಿಚ್ಚಿಸುತ್ತೇನೆ. ಕೈಗೆ ಕಟ್ಟಿದ ದಾರವನ್ನು ಮೊಣಕೈವರೆಗೆ ಸರಿಸುತ್ತೇನೆ. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರಿನ ಅಡಿ, ಮಣಿಕಟ್ಟು ಹೀಗೆ ಒಂದಾದ ಮೇಲೊಂದು ಉಜ್ಜಿಸಿ, ಬೆರಳು ಕೆಳಗೆ ಮಾಡಿ ಮೂರು ಸಲ ನೀರು ಹಾಯಿಸುತ್ತೇನೆ. ಕೊನೆಗೆ ಅವರ ಕೈಯನ್ನು ನನ್ನ ಕಿವಿಯ ಹತ್ತಿರ ತಂದು ಬೆರಳ ಮೇಲೆ ಬೆರಳು ಉಜ್ಜಿ ಎನ್ನುತ್ತೇನೆ. ಕಿರ್ ಎಂದರೆ ಶುದ್ಧ. ಸದ್ದಿಲ್ಲದೆ ಜಾರಿದರೆ ಸೋಪು ಉಳಿದಿದೆ ಎಂದರ್ಥ, ಮತ್ತೆ ನಲ್ಲಿಗೆ. ನಾನು ಕೂತ ಮೇಲೆ ಆ ವಾರ್ಡಿನಲ್ಲಿ ಒಂದು ಅನಾಹುತವೂ ಆಗಿರಲಿಲ್ಲ.

ಆ ದಿನ ಭಾನುವಾರ, ಬೆಳಿಗ್ಗೆ ಹತ್ತೂವರೆ ಇರಬೇಕು. ಹಿತ್ತಲಲ್ಲಿ ಬಟ್ಟೆ ಹರವಿ ಖಾಲಿ ಬಕೆಟ್ ಹಿಡಿದು ತಿರುಗಿದೆ. ಪಾಚಿ ಕಟ್ಟಿದ ಕಲ್ಲುಚಪ್ಪಡಿಯ ಮೇಲೆ ಕಾಲು ಜಾರಿತು. ಆಕಾಶ ಕಂಡಿತು. ಬಟ್ಟೆ ಒಗೆಯುವ ಕಲ್ಲಿನ ಅಂಚು ತಲೆಯ ಹಿಂದೆಯೇ ಇದೆ ಎಂದು ಹೊಳೆದದ್ದೂ ನೆನಪಿದೆ. ಮರುಗಳಿಗೆ ನಾನು ಯಾರದೋ ತೋಳುಗಳಲ್ಲಿ ಇದ್ದೆ. ಬಿಗಿಯಾದ, ಒದ್ದೆ ತೋಳುಗಳು. ನನ್ನ ಕುತ್ತಿಗೆಯ ಹಿಂದೆ ತಣ್ಣಗೆ ಏನೋ ಇಳಿಯುತ್ತಿತ್ತು. ಬಿಡಿಸಿಕೊಂಡು ಎದ್ದು ನಿಂತು ನೋಡಿದರೆ, ಎದುರಿಗೆ ಹತ್ತೊಂಬತ್ತು ಇಪ್ಪತ್ತರ ಒಬ್ಬಳು ಹುಡುಗಿ. ಚೂಡಿದಾರದ ತೋಳು ಮೇಲಕ್ಕೆ ಮಡಚಿದ್ದಳು. ಮೊಣಕೈವರೆಗೆ ಬೂದು ಬಣ್ಣದ ನೊರೆ.

"ಯಾರಮ್ಮ ನೀನು? ಒಳಗೆ ಹೆಂಗೆ ಬಂದೆ?" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಎರಡೂ ಕೈ ನೋಡಿಕೊಂಡಳು. ಬೆಂಕಿ ಹತ್ತಿದವರಂತೆ ಕೈಗಳನ್ನು ಮೈಯಿಂದ ದೂರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದು, "ಅಪ್ಪಾ!" ಎಂದು ಕೂಗಿದಳು.

ಅವಳ ಅಪ್ಪನೂ ಒಳಗೆ ನುಗ್ಗಿದ್ದಾನೆಯೇ ಎಂದು ಬಾಗಿಲ ಕಡೆ ನೋಡಿದೆ. ಆದರೆ ಓಡಿ ಬಂದವರು ನನ್ನ ಗಂಡ ಉಮಾಪತಿ. ಮನೆಯ ಮುಂದಿನ ಶೆಡ್ಡಿನಲ್ಲಿ ಅವರದು ಮೋಟರ್ ವೈಂಡಿಂಗ್ ಕೆಲಸ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

"ರೀ, ಇವಳ್ಯಾರೋ ನೋಡ್ರಿ. ಹಿಂದಿನಿಂದ ಬಂದು ನನ್ನ ಎಳೆದ್ಲು" ಎಂದೆ.

ಅವರು ಹುಡುಗಿಯ ಕೈ ನೋಡಿದರು. ನನ್ನ ರವಿಕೆಗೆ, ಕುತ್ತಿಗೆಗೆ ಮೆತ್ತಿದ್ದ ನೊರೆ ನೋಡಿದರು. ಸ್ಪ್ಯಾನರ್ ಕೆಳಗಿಟ್ಟರು.

"ಕಾತ್ಯಾಯಿನಿ, ಅವಳು ನಮ್ಮ ಅರುಂಧತಿ ಕಣೆ. ನಮ್ಮ ಮಗಳು."

"ಯಾವ ಅರುಂಧತಿ? ನಮಗೆಲ್ಲಿ ಮಕ್ಕಳು?"

ಹಾಗೆ ಅಂದವಳು ನಾನೇ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಹುಡುಗಿ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರಿನ ಅಡಿ. ಬೆರಳು ಕೆಳಗೆ ಮಾಡಿ ಮೂರು ಸಲ ನೀರು. ಆಸ್ಪತ್ರೆಯಲ್ಲಿ ಸಾವಿರಾರು ಕೈ ನೋಡಿದ್ದೇನೆ, ಅಷ್ಟು ಅಚ್ಚುಕಟ್ಟಾಗಿ ತೊಳೆದವರನ್ನು ಕಂಡಿರಲಿಲ್ಲ. ಇವಳಿಗೆ ಇದನ್ನು ಯಾರು ಕಲಿಸಿದರೋ, ಅಂಥವರು ನಮ್ಮ ಆಸ್ಪತ್ರೆಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಮರುಕ್ಷಣವೇ ಉತ್ತರ ಹೊಳೆದು ಕಂಬ ಹಿಡಿದುಕೊಂಡೆ.

ಮರೆತವರ ಎದುರಿಗೆ ಮೂವರು ನಿಂತು ಸಾಕ್ಷಿ ಹೇಳುವುದು ನಮ್ಮ ಊರಿನ ರೂಢಿ. ಹನ್ನೆರಡು ಗಂಟೆಗೆ ಮೂವರೂ ನಮ್ಮ ಪಡಸಾಲೆಯಲ್ಲಿದ್ದರು. ಪಕ್ಕದ ಮನೆಯ ಚೌಡಕ್ಕ, ಅವಳ ಗಂಡ, ಹುಡುಗಿಗೆ ಪಾಠ ಹೇಳಿದ ಒಬ್ಬರು ಮೇಷ್ಟ್ರು. ಇವಳು ಅರುಂಧತಿ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನಾವು ಬಲ್ಲೆವು ಎಂದು ಒಬ್ಬೊಬ್ಬರಾಗಿ ಹೇಳಿದರು. ಇಂಥ ಎಷ್ಟೋ ಸಾಕ್ಷಿಗಳಲ್ಲಿ ನಾನೇ ನಿಂತಿದ್ದೇನೆ. ಒಮ್ಮೆ ಒಬ್ಬ ಗಂಡಸು ತನ್ನ ಅಣ್ಣನನ್ನು ಮರೆತಾಗ, ಮೂವರು ಹೇಳಿದ ಮೇಲೂ ನಂಬದೆ ಕೂತಿದ್ದವನಿಗೆ "ಎಂಥ ಮೊಂಡನಪ್ಪ ನೀನು" ಎಂದು ಗದರಿದ್ದೆ. ನಂಬಿಕೆಯ ಮಾತೇ ಅಲ್ಲ ಅದು ಎಂದು ಆ ದಿನ ಗೊತ್ತಾಯಿತು. ಮೂವರ ಮಾತನ್ನೂ ನಾನು ನಂಬಿದೆ. ಎದುರಿಗೆ ಕೂತ ಹುಡುಗಿಯ ಮೂಗು ನನ್ನದೇ ಮೂಗು ಎಂದೂ ಕಂಡಿತು. ಆದರೂ ಅವಳು ಯಾರ ಮನೆಯ ಮಗಳೋ ಆಗಿಯೇ ಉಳಿದಳು.

ಚೌಡಕ್ಕ ಅವಳ ಮೇಲೆ ಹರಿಹಾಯ್ದಳು. "ಊರಿಗೆಲ್ಲ ಕೈ ತೊಳೆಸೋಳ ಮಗಳಾಗಿ ನೀನೇ ಹಿಂಗೆ ಮಾಡೋದೇನೇ? ಸೋಪು ಬಳ್ಕೊಂಡು ಹೆತ್ತೋಳನ್ನ ಮುಟ್ತಾರೇನೇ ಯಾರಾದ್ರೂ?"

"ತಪ್ಪಾಯ್ತು ಅಕ್ಕ" ಎಂದಳು ಹುಡುಗಿ. ನನ್ನ ಕಡೆ ತಿರುಗಿ, "ನಿಮಗೆ ಎಲ್ಲಾದ್ರೂ ನೋವಾಗಿದ್ಯಾ?" ಎಂದು ಕೇಳಿದಳು.

"ಅಯ್ಯೋ, ಅಮ್ಮನ್ನ ನೀವು ಅಂತಾ ಇದೀಯಲ್ಲೇ!" ಎಂದು ಚೌಡಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು.

ಎಲ್ಲರೂ ಹೋದ ಮೇಲೆ ನಾನು ನನ್ನದೇ ಮನೆಯನ್ನು ಕಳ್ಳಿಯ ಹಾಗೆ ಹುಡುಕಿದೆ. ಮೂರು ತಟ್ಟೆ, ಮೂರು ಲೋಟ. ಇಷ್ಟು ದಿನ ಎರಡು ಜನಕ್ಕೆ ಮೂರು ಪಾವು ಅಕ್ಕಿ ಯಾಕೆ ಹಾಕುತ್ತಿದ್ದೆನೋ, ತಿಳಿಯದು. ನಡುಮನೆಯ ಪಕ್ಕದ ಕೋಣೆಯಲ್ಲಿ ಯಾರದೋ ಮಂಚ, ಯಾರದೋ ಪುಸ್ತಕ, ಗೋಡೆಗೆ ಅಂಟಿಸಿದ ಮೋಟರಿನ ನಕ್ಷೆಗಳು. ಆಲ್ಬಮ್ಮಿನಲ್ಲಿ ಒಬ್ಬಳು ಹೆಂಗಸು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಗುತ್ತಿದ್ದಳು. ಅದು ನಾನು. ಏನು ಕಂಡು ಅಷ್ಟು ನಗುತ್ತಿದ್ದೆ? ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಕುತ್ತಿಗೆಗೆ ಹತ್ತಿ ಒಣಗಿದ್ದ ನೊರೆ ತೊಳೆದುಕೊಳ್ಳಲು ಬಚ್ಚಲಿಗೆ ಹೋದಾಗ ಇನ್ನೊಂದು ಆಘಾತ ಕಾದಿತ್ತು. ನನ್ನ ಹೊಟ್ಟೆಯ ಮೇಲೆ ಬಸಿರಿನ ಗೀರುಗಳು. ನೆಲ ಒಣಗಿ ಬಿಟ್ಟ ಬಿರುಕಿನಂತೆ ಹೊಕ್ಕುಳಿನಿಂದ ಕೆಳಗಿನವರೆಗೆ ಇದ್ದವು. ಪ್ರತಿದಿನ ನೋಡಿದ ಮೈ ಅದು, ನನಗೇ ಪರಕೀಯವಾಗಿ ಕಂಡಿತು. ಆಸ್ಪತ್ರೆಗೆ ನಾನೇ ರೋಗಿಯಾಗಿ ಹೋದದ್ದು ನೆನಪಿದೆ. ಹಸಿರು ಗೋಡೆ, ಕಬ್ಬಿಣದ ಮಂಚ, ತಡೆಯಲಾರದ ನೋವು. ಅದರಾಚೆ ಖಾಲಿ. ಆಮೇಲೆ ನಾನು ಅದೇ ಆಸ್ಪತ್ರೆಯ ನಲ್ಲಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೇನೆ. ಯಾಕೆ ಕೂತೆ, ಯಾರು ಕೂರಿಸಿದರು, ಏನೂ ಇಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿ ಹಿತ್ತಲಿಗೆ ಹೋದೆ. ಪಾಚಿಯ ಮೇಲೆ ನನ್ನ ಹಿಮ್ಮಡಿ ಉಜ್ಜಿದ ಗುರುತು ಒಂದು ಮೊಳ ಉದ್ದಕ್ಕೆ ಹಾಗೇ ಇತ್ತು. ಅದು ನೇರವಾಗಿ ಒಗೆಯುವ ಕಲ್ಲಿನ ಕಡೆಗೇ ಹೋಗಿತ್ತು. ಹಾಗಾದರೆ ಆ ಹುಡುಗಿ ನನ್ನನ್ನು ಎಳೆದದ್ದಲ್ಲ. ನಾನು ಬೀಳುತ್ತಿದ್ದೆ. ನಲ್ಲಿಯ ಕೆಳಗೆ ನೀರು ತುಂಬಿದ ತಂಬಿಗೆ ಹಾಗೇ ಕೂತಿತ್ತು. ಪಕ್ಕದಲ್ಲಿ ಕರಗಿ ಮೆತ್ತಗಾದ ಸೋಪಿನ ಬಿಲ್ಲೆ. ಕೈ ತೊಳೆದುಕೊಳ್ಳಲು ನೀರು ತುಂಬಿಟ್ಟುಕೊಂಡು, ಇನ್ನೇನು ಸುರಿದುಕೊಳ್ಳಬೇಕು ಅನ್ನುವಷ್ಟರಲ್ಲಿ ಅವಳು ಎದ್ದು ಓಡಿದ್ದಳು.

ಅವಳು ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ನೀರು ಪಕ್ಕದಲ್ಲೇ ಇತ್ತಲ್ಲಮ್ಮ" ಎಂದೆ.

"ಇತ್ತು."

"ಕೈಲಿ ಸೋಪಿದೆ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಅಪ್ಪನ ಜೊತೆ ಮೋಟರ್ ಬಿಚ್ಚಿ ಗ್ರೀಸ್ ಆಗಿತ್ತು. ಅದಕ್ಕೇ ಜಾಸ್ತಿ ಹಚ್ಚಿದ್ದೆ."

"ಗೊತ್ತಿದ್ದೂ ಮುಟ್ಟಿದ್ಯಾ?"

"ಕಲ್ಲು ಇತ್ತಲ್ಲ" ಎಂದಳು.

ಅಷ್ಟೇ ಹೇಳಿದ್ದು. ನಾನು ಒಗೆಯುವ ಕಲ್ಲಿನ ಮೇಲೆಯೇ ಕೂತೆ. ನಿನ್ನೆ ಮಧ್ಯಾಹ್ನ ಮೂವರ ಮುಂದೆ ಇವಳು ತಪ್ಪಾಯ್ತು ಅಂದಿದ್ದಳು. ಈ ಕಥೆ ಹೇಳಿ ತಲೆಯೆತ್ತಿ ಕೂರಬಹುದಾಗಿತ್ತು, ಹೇಳಿರಲಿಲ್ಲ. ಯಾಕೆ ಎಂದು ಕೇಳಿದೆ.

"ಹೇಳಿದ್ರೆ ನೀವು ಜಾರಿದ್ದಕ್ಕೇ ಹಿಂಗಾಯ್ತು ಅಂತ ಆಗ್ತಿತ್ತು. ನಿಮಗೆ ಅದು ಬೇರೆ ಸಂಕಟ."

ಪರಿಚಯವಿಲ್ಲದವರಿಂದ ಅಷ್ಟು ದೊಡ್ಡ ಉಪಕಾರ ತೆಗೆದುಕೊಂಡರೆ ಏನು ಹೇಳಬೇಕು? ಧನ್ಯವಾದ ಎನ್ನಲು ಬಾಯಿ ತೆರೆದೆ. ಅದು ಎಷ್ಟು ಅಸಹ್ಯವಾಗಿ ಕೇಳುತ್ತದೆ ಎಂದು ಹೊಳೆದು ಮುಚ್ಚಿದೆ. ಅವಳು ಬಂದು ಸ್ವಲ್ಪ ದೂರದಲ್ಲಿ ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಒಂದು ಹೇಳ್ಲಾ? ನಾನು ನಿಮ್ಮನ್ನ ಕೇಳದೆ ಮುಟ್ಟಿದ್ದು ನಿನ್ನೆನೇ ಮೊದಲು" ಎಂದಳು. "ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ. ಮೊದ್ಲು ಕೈ ಕೊಡು ಅಂತಿದ್ರಿ. ಕಿವಿ ಹತ್ರ ಇಟ್ಕೊಂಡು ಕೇಳ್ತಿದ್ರಿ. ಆಮೇಲೆ ಎತ್ಕೊಳ್ತಿದ್ರಿ. ಶಾಲೆಯಲ್ಲಿ ಬಿದ್ದು ಮಂಡಿ ಒಡ್ಕೊಂಡು ಅಳ್ತಾ ಬಂದ್ರೂ ಮೊದ್ಲು ಕೈ. ಪರೀಕ್ಷೇಲಿ ಫಸ್ಟ್ ಬಂದಾಗ ಓಡಿ ಬಂದ್ರೆ, ಬಾಗಿಲಲ್ಲೇ ನಿಲ್ಸಿ ಕೈ ತೊಳೆಸಿದ್ರಿ. ತೊಳೆಯೋ ಹೊತ್ತಿಗೆ ಖುಷಿ ಆರಿಹೋಗಿತ್ತು. ನನ್ನ ಕಂಡ್ರೆ ನಿಮಗೆ ಭಯ ಅಂದ್ಕೊಂಡಿದ್ದೆ."

"ನಾನು ಹಂಗಿದ್ನಾ?" ಎಂದೆ.

"ಹೂಂ."

ಶೆಡ್ಡಿಗೆ ಹೋಗಿ ಗಂಡನನ್ನು ಕೇಳಿದೆ. ಅವರು ತಂತಿ ಸುತ್ತುವುದನ್ನು ನಿಲ್ಲಿಸದೆ, ತಲೆಯೂ ಎತ್ತದೆ ಹೇಳಿದರು. "ಹಂಗೇ ಇದ್ದೆ. ಮಗು ಅದು, ಬಿಡೇ ಅಂದ್ರೆ ನನ್ನ ಮೇಲೇ ಏರಿ ಬರ್ತಿದ್ದೆ. ಯಾಕೆ ಅಂತ ಒಂದು ದಿನಾನೂ ಹೇಳ್ಲಿಲ್ಲ. ಅವಳು ಹುಟ್ಟಿದಾಗ ನಾನು ಅಣೆಕಟ್ಟಿನ ಪಂಪಿನ ಕೆಲಸಕ್ಕೆ ಹೋಗಿದ್ದೆ. ನಾನು ಬರೋ ಹೊತ್ತಿಗೆ ಮಗುಗೆ ಇಪ್ಪತ್ತು ದಿನ ಆಗಿತ್ತು, ನೀನು ಆಗಲೇ ಹಿಂಗಾಗಿಬಿಟ್ಟಿದ್ದೆ. ಫಿಲೋಮಿನಾ ಸಿಸ್ಟರಿಗೆ ಗೊತ್ತಿದ್ರೂ ಗೊತ್ತಿರಬಹುದು. ಹೆರಿಗೆ ಮಾಡಿಸಿದ್ದು ಅವರೇ."

ಹುಡುಗಿ ನನ್ನ ಹಿಂದೆಯೇ ಬಂದು ನಿಂತಿದ್ದಳು. "ನಾನು ಹುಟ್ಟಿದ್ದು ಹೆಂಗೆ ಅಂತ ಎಷ್ಟು ಸಲ ಕೇಳಿದ್ರೂ ನೀವು ಮಾತು ಮರೆಸ್ತಿದ್ರಿ" ಎಂದಳು. "ಅದು ನಿಮ್ಮ ಹತ್ರ ಮಾತ್ರ ಇತ್ತು. ಈಗ ಅದೂ ಹೋಯ್ತು."

ಅವಳು ಬಿಕ್ಕಿದ್ದು ಆಗ, ಎರಡು ದಿನದಲ್ಲಿ ಮೊದಲ ಸಲ. ತನ್ನನ್ನು ಮರೆತದ್ದಕ್ಕೆ ಅಳದವಳು ಇದಕ್ಕೆ ಅತ್ತಳು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದೆ. "ನಡೆ, ಹೋಗಿ ಕೇಳೋಣ" ಎಂದೆ.

ಫಿಲೋಮಿನಾ ಸಿಸ್ಟರ್ ನಿವೃತ್ತರಾಗಿ ಏಳು ವರ್ಷ. ಅಂಚೆ ಕಚೇರಿಯ ಹಿಂದೆ ಎರಡು ಕೋಣೆಯ ಮನೆ, ಜೊತೆಗೆ ಆರು ಕೋಳಿ, ಮಡಚಲಾರದ ಎರಡು ಮಂಡಿ. ನಾವು ಹೋದಾಗ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಡೆದದ್ದನ್ನು ಹುಡುಗಿಯೇ ಹೇಳಿದಳು. ಸಿಸ್ಟರ್ ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು.

"ನೀನಾ? ಕಾತ್ಯಾಯಿನಿ, ನೀನಾ ಮರೆತಿದ್ದು?" ಎಂದು ಶಿಲುಬೆಯ ಗುರುತು ಮಾಡಿಕೊಂಡರು.

"ನಾನೇ ಸಿಸ್ಟರ್. ಇವಳು ಹುಟ್ಟಿದ್ದು ಹೇಳಿ. ನಮ್ಮಿಬ್ಬರಿಗೂ ಗೊತ್ತಿಲ್ಲ."

ಅವರು ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಇದನ್ನ ಹೇಳಬಾರ್ದು ಅಂತ ನನ್ನ ಕೈಲಿ ಆಣೆ ಮಾಡಿಸಿದ್ದೋಳು ನೀನೇ" ಎಂದರು. "ಮಾಡಿಸಿದೋಳಿಗೇ ನೆನಪಿಲ್ಲ ಅಂದ್ಮೇಲೆ ಆಣೆ ಯಾರಿಗೆ? ಕೂತ್ಕೊಳ್ಳಿ."

ಕೂತೆವು. ಅವರು ಅವರೆಕಾಯಿ ಸುಲಿಯುತ್ತಲೇ ಹೇಳಿದರು. "ಮಧ್ಯಾಹ್ನ ಮೂರಕ್ಕೆ ಹುಟ್ಟಿತು. ಅಳಲಿಲ್ಲ ಕಣಮ್ಮ ನೀನು, ಸೀನಿದೆ. ಎರಡು ಸಲ. ಆ ನೋವಲ್ಲೂ ನಿನ್ನ ತಾಯಿ ನಕ್ಕುಬಿಟ್ಟಳು. ತೂಕ ಮಾಡೋಕೆ ಕೊಡೇ ಅಂದ್ರೆ ಕೊಡಲ್ಲ. ಮೂರು ಸಲ ಗದರಿದ ಮೇಲೆ ಕೊಟ್ಟಳು. ಮಾರನೇ ದಿನ ನೀನು ತೊಟ್ಟಿಲಲ್ಲಿ ಚೀರಿದೆ. ಇವಳು ನಲ್ಲಿಯ ಹತ್ರ ಇದ್ದೋಳು ಗಡಿಬಿಡಿಯಲ್ಲಿ ಒಂದು ಸಲ ನೀರು ಹಾಯಿಸ್ಕೊಂಡು ಓಡಿದಳು. ಉಂಗುರದ ಅಡಿಯಲ್ಲಿ ಸೋಪು ಉಳಿದಿತ್ತು. ಎತ್ಕೊಂಡಳು."

ಹುಡುಗಿ ನನ್ನ ಕಡೆ ತಿರುಗಿದಳು. ನಾನು ನನ್ನ ಬೆರಳು ನೋಡಿಕೊಂಡೆ. ಮದುವೆಯ ಉಂಗುರ ಇರಲಿಲ್ಲ. ಅದು ಯಾವಾಗ ಹೋಯಿತೋ, ಯಾಕೆ ಹೋಯಿತೋ ಎಂದು ಅದುವರೆಗೆ ನಾನು ಕೇಳಿಕೊಂಡೇ ಇರಲಿಲ್ಲ.

"ಮಗು ತಟ್ಟನೆ ಅಳು ನಿಲ್ಲಿಸ್ತು" ಎಂದರು ಸಿಸ್ಟರ್, ಈಗ ನನ್ನ ಕಡೆ ತಿರುಗಿ. "ನಿನ್ನೇ ನೋಡ್ತು. ಒಂದು ದಿನದ ಕೂಸು ಹಾಗೆ ನೋಡಿದ್ದನ್ನ ನಾನು ಕಂಡಿದ್ದೇ ಇಲ್ಲ. ಆಮೇಲೆ ಶುರುವಾಯ್ತು ಚೀರಾಟ. ನಿನ್ನ ವಾಸನೆ ಬಂದ್ರೆ ಸಾಕು, ಮೈ ನೀಲಿಗಟ್ಟೋವರೆಗೆ ಚೀರ್ತಿತ್ತು. ನನ್ನ ಮಡಿಲಲ್ಲಿ ಸುಮ್ಮನೆ, ಆಯಾ ಮಡಿಲಲ್ಲಿ ಸುಮ್ಮನೆ. ನಿನ್ನ ಮೊಲೆಗೆ ಬಾಯೇ ಹಾಕಲಿಲ್ಲ. ನೀನು ಬಟ್ಟಲಿಗೆ ಹಾಲು ಹಿಂಡಿ ಕೊಡೋದು, ನಾನು ಒಳಲೆಯಲ್ಲಿ ಕುಡಿಸೋದು. ಮಗುಗೆ ಕಾಣಬಾರ್ದು ಅಂತ ನೀನು ಪರದೆ ಹಿಂದೆ ನೆಲದ ಮೇಲೆ ಕೂತ್ಕೋತಿದ್ದೆ. ಹಿಂಗೆ ಒಂಬತ್ತು ದಿನ."

"ಒಂಬತ್ತು ದಿನ?" ಎಂದಳು ಹುಡುಗಿ.

"ಒಂಬತ್ತು. ಅವತ್ತು ಬಿಚ್ಚಿದ ಉಂಗುರ ಇವಳು ಮತ್ತೆ ಹಾಕಲಿಲ್ಲ. ಡಿಸ್ಚಾರ್ಜ್ ಆದ ಮೇಲೂ ಮಗುನ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಆ ನಲ್ಲಿ ಪಕ್ಕ ಕೂತಳು. ಬಂದವರ ಕೈ ಹಿಡಿದು ಹಿಡಿದು ತೊಳೆಸೋಕೆ ಶುರುಮಾಡಿದಳು. ಯಾರೂ ಹೇಳಿರ್ಲಿಲ್ಲ. ಡಾಕ್ಟರು ನೋಡಿ ನೋಡಿ ಆಮೇಲೆ ಕೆಲಸಕ್ಕೇ ತಗೊಂಡ್ರು."

ಕೋಳಿಯೊಂದು ಮೊರದ ಹತ್ತಿರ ಬಂತು. ಯಾರೂ ಓಡಿಸಲಿಲ್ಲ. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. "ನಾನು ಅಮ್ಮನ್ನ ಮರೆತಿದ್ನಾ? ಯಾಕೆ ಹೇಳ್ಲಿಲ್ಲ ಸಿಸ್ಟರ್ ಇವ್ರು? ಒಂದು ಮಾತು ಹೇಳಿದ್ರೆ ನಾನು ಅಷ್ಟು ಬೈಕೋತಿರ್ಲಿಲ್ಲವಲ್ಲ ಇವ್ರನ್ನ."

"ತಾಯಿನ ಮರೆತ ಕೂಸು ಅಂತ ನಿನ್ನ ಮೇಲೆ ಮಾತು ಬರಬಾರ್ದು ಅಂತ."

ನನಗೆ ಕೇಳಬೇಕಾದದ್ದು ಒಂದೇ ಇತ್ತು. ಕೇಳಲು ಹೆದರಿಕೆಯೂ ಇತ್ತು. "ಹತ್ತನೇ ದಿನ ಏನಾಯ್ತು ಸಿಸ್ಟರ್? ನೆನಪು ಬಂತಾ ಅದಕ್ಕೆ?"

"ನೆನಪು ಎಲ್ಲಿಂದ ಬರುತ್ತೆ, ನಿನಗೆ ಗೊತ್ತಿಲ್ವಾ? ಅವತ್ತು ನೀನು ಸೋತು ಪರದೆ ಈಚೆ ಬಂದು ಅದರ ಪಕ್ಕ ಮಲಗಿಬಿಟ್ಟಿದ್ದೆ. ಚೀರಿದ್ರೆ ಚೀರಲಿ ಅಂತ. ಸ್ವಲ್ಪ ಹೊತ್ತು ಚೀರಿತು. ಆಮೇಲೆ ಮುಖ ತಿರುಗಿಸಿ ನಿನ್ನ ಎದೆ ಹುಡುಕಿತು. ಹಸಿವಿತ್ತೋ, ಸಾಕಾಗಿತ್ತೋ. ಹೊಸಬಳ ಹತ್ರ ಕುಡಿಯೋ ಹಾಗೆ ಅನುಮಾನ ಪಟ್ಕೊಂಡು ಪಟ್ಕೊಂಡು ಕುಡಿದಿತ್ತು."

ಅಲ್ಲಿಂದ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂಚೆ ಕಚೇರಿಯ ಗೋಡೆಯ ನೆರಳಿನಲ್ಲಿ ಇಬ್ಬರೂ ನಿಂತುಬಿಟ್ಟೆವು. ಯಾವ ಕಡೆ ಹೋಗಬೇಕೆಂದೇ ತೋಚಲಿಲ್ಲ. ಪರದೆಯ ಹಿಂದೆ ನೆಲದ ಮೇಲೆ ಕೂತಿದ್ದ ಆ ಹೆಂಗಸು ನಾನು. ಅವಳ ಬಗ್ಗೆ ಕೇಳಿದರೆ ನನ್ನ ಎದೆ ಒಡೆಯುತ್ತಿತ್ತು, ಆದರೆ ಅವಳ ಒಂದು ಗಳಿಗೆಯೂ ನನ್ನಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. ನಿನ್ನೆಯಿಂದ ಅವಳು ಏನಾದರೂ ತಿಂದದ್ದನ್ನು ನಾನು ನೋಡಿಲ್ಲ ಎಂದು ಆಗ ನೆನಪಾಯಿತು.

"ಹಸಿವಾಗಿದ್ಯಾ?" ಎಂದೆ.

"ಹೂಂ" ಎಂದಳು.

"ಏನು ಮಾಡಲಿ? ನಿನಗೆ ಏನಿಷ್ಟ ಅಂತ ನನಗೆ ಗೊತ್ತಿಲ್ಲಮ್ಮ, ನೀನೇ ಹೇಳಬೇಕು."

ಅವಳು ಶುರುಮಾಡಿದಳು. ಹೀರೇಕಾಯಿ ಆಗಲ್ಲ, ಅದರ ಸಿಪ್ಪೆ ಚಟ್ನಿ ಆಗುತ್ತೆ. ಅನ್ನಕ್ಕೆ ಹುಳಿ ಮೊದಲು ಹಾಕಬಾರದು, ತುಪ್ಪ ಮೊದಲು. ದೋಸೆ ತೆಳ್ಳಗಿದ್ದರೆ ಬೇಡ, ದಪ್ಪಗೆ ಬೇಕು, ಅಂಚು ಮಾತ್ರ ಕಂದಿರಬೇಕು. ಮಾವಿನಕಾಯಿ ಹುಳಿಗೊಜ್ಜು ಇದ್ದರೆ ಇನ್ನೇನೂ ಬೇಡ. ನಾನು ಒಂದೊಂದನ್ನೂ ಮತ್ತೊಮ್ಮೆ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಾ ಅವಳ ಪಕ್ಕ ನಡೆದೆ. ತರಕಾರಿ ಮಾರ್ಕೆಟ್ಟು ತಲುಪಿದರೂ ಅವಳು ಹೇಳಿ ಮುಗಿದಿರಲಿಲ್ಲ.